ಚಂದ್ರಿಯ ಎಡಗಾಲು

ಸೊಸೆ ಹುರುಳಿ ಬೇಯಿಸಲಿಟ್ಟಿದ್ದಾಳೆ. ನನ್ನ ಮಗನಿಗೆ ಮೂತ್ರದ ಹರಳಾಗಿದೆ, ಹುರುಳಿಯ ಕಟ್ಟು ಕುಡಿದರೆ ಕರಗುತ್ತದೆಯೆಂದು ಯಾರೋ ಹೇಳಿದ್ದಾರಂತೆ. ಹೀಗಾಗಿ ಹುಬ್ಬಳ್ಳಿಯ ದೇಶಪಾಂಡೆ ನಗರದ ಈ ಮನೆಯಲ್ಲಿ ಕೆಲವು ದಿನಗಳಿಂದ ಬೆಳಗಾದರೆ ಇದೇ ವಾಸನೆ. ನಿಮಗೆ ಹುರುಳಿ ಅಂದರೆ ಸಾರು ನೆನಪಾಗಬಹುದು, ಬಿಸಿ ರೊಟ್ಟಿಯ ಜೊತೆಗಿನ ಪಲ್ಯ ನೆನಪಾಗಬಹುದು. ನನಗೆ ಸವತಿ ನೆನಪಾಗುತ್ತಾಳೆ. ಈ ವಯಸ್ಸಿನವರೆಗೂ ನಾನು ಹುರುಳಿಯ ಒಂದು ಕಾಳನ್ನೂ ಬಾಯಿಗೆ ಹಾಕಿಲ್ಲ.

ಗಾಬರಿಯಾಗಬೇಡಿ. ನಮ್ಮವರು ಎರಡನೆಯ ಮದುವೆ ಮಾಡಿಕೊಂಡವರಲ್ಲ. ಮಾಡಿಕೊಂಡಿದ್ದರೇ ಛಲೋ ಇತ್ತು ಅನ್ನಿ. ಹೆಂಗಸಾಗಿದ್ದರೆ ಬಾವಿಕಟ್ಟೆಯ ಮೇಲೆ ನಿಂತು ಜಗಳ ತೆಗೆಯಬಹುದಿತ್ತು, ಜಡೆ ಹಿಡಿದು ಎಳೆಯಬಹುದಿತ್ತು. ಇವಳ ಜಡೆ ಇದ್ದದ್ದು ಹಿಂದೆ. ಹಿಡಿಯಲು ಹೋದರೆ ಒದೆ ಬೀಳುತ್ತಿತ್ತು. ಇವಳು ಕುದುರೆ. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಬಿಳಿ ಮಚ್ಚೆ, ಹೆಸರು ಚಂದ್ರಿ.

ನಮ್ಮವರು ಆಗ ಶಾಲೆಗಳ ಇನ್ಸ್‌ಪೆಕ್ಟರು. ಬ್ರಿಟಿಷರ ಕಾಲ, ಧಾರವಾಡ ಇನ್ನೂ ಮುಂಬೈ ಇಲಾಖೆಯಲ್ಲಿತ್ತು. ನವಲಗುಂದದ ಕಡೆಯ ಎರೆಭೂಮಿ ನೋಡಿದವರಿಗೆ ಹೇಳಬೇಕಾಗಿಲ್ಲ: ಒಂದು ಮಳೆ ಬಿದ್ದರೆ ಮೋಟಾರು ಹೋಗಲಿ, ಚಕ್ಕಡಿಯೂ ಅಲ್ಲಿ ಹೂತು ಕೂಡುತ್ತದೆ. ಹಳ್ಳಿ ಸಾಲಿ ತಪಾಸಣೆಗೆ ಹೋಗಬೇಕೆಂದರೆ ಕುದುರೆಯೇ ಗತಿ. ಹೀಗಾಗಿ ಚಂದ್ರಿ ನನಗಿಂತ ಮೊದಲೇ ಈ ಮನೆತನಕ್ಕೆ ಬಂದವಳು. ಲೆಕ್ಕಕ್ಕೆ ತೆಗೆದುಕೊಂಡರೆ ನಾನೇ ಎರಡನೆಯವಳು.

ಲಗ್ನವಾಗಿ ಧಾರವಾಡಕ್ಕೆ ಬಂದಾಗ ಬಾಡಿಗೆಗೆ ಮನೆ ಹುಡುಕಿದೆವು. ಮಾಳಮಡ್ಡಿಯಲ್ಲಿ ಒಂದು ಮನೆ ಎಷ್ಟು ಚೆನ್ನಾಗಿತ್ತು ಗೊತ್ತೇ! ಹಿತ್ತಿಲಲ್ಲೇ ಸಿಹಿನೀರಿನ ಬಾವಿ, ಅಡುಗೆಮನೆಗೆ ದೊಡ್ಡ ಕಿಟಕಿ. ನಮ್ಮವರು ಒಳಗೆ ಕೂಡ ಬರಲಿಲ್ಲ. ಹೊರಗೆ ನಿಂತು ಮನೆಯ ಮಾಲೀಕರಿಗೆ, "ಕುದುರಿ ಕಟ್ಟಾಕ ಜಾಗಾ ಎಲ್ಲಿ ಅದ ರಿ?" ಎಂದು ಕೇಳಿದರು. ಇಲ್ಲವೆಂದ ಕೂಡಲೇ ಹೊರಟೇಬಿಟ್ಟರು. ಕೊನೆಗೆ ಸಿಕ್ಕದ್ದು ಕೆಲಗೇರಿ ಕೆರೆಯ ಹಾದಿಯಲ್ಲಿ ಒಂದು ಒಂಟಿ ಮನೆ. ಅದರ ಲಾಯಕ್ಕೆ ಹಂಚಿನ ಮಾಡು, ಕಲ್ಲು ಹಾಸು, ಮೂಡಣ ಗಾಳಿ. ಅಡುಗೆಮನೆಗೆ ಹೊಗೆ ಹೋಗಲು ಒಂದು ಗವಾಕ್ಷಿಯೂ ಇಲ್ಲ. ಅಲ್ಲಿ ಕಣ್ಣೀರು ಸುರಿಸುತ್ತ ನಾನು ದಿನಾ ದೊಡ್ಡ ಗಡಿಗೆಯಲ್ಲಿ ಹುರುಳಿ ಬೇಯಿಸಬೇಕು, ಅವಳು ತಂಗಾಳಿಯಲ್ಲಿ ನಿಂತು ತಿನ್ನಬೇಕು. ಹೊಟ್ಟೆ ಉರಿಯದೆ ಏನಾದೀತು, ನೀವೇ ಹೇಳಿ.

ಇನ್ನು ಹೆಸರಿನ ಮಾತು. ನಮ್ಮ ಕಡೆ ಲಗ್ನದಲ್ಲಿ ಗಂಡನಾದವನು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವ ಪದ್ಧತಿ. ನಮ್ಮವರೂ ಬರೆದರು. ಒಳ್ಳೆಯ ಹೆಸರು, ಅವರೇ ಆರಿಸಿದ್ದು. ಏನೆಂದು ನಿಮಗೆ ಹೇಳುವುದಿಲ್ಲ. ಇಟ್ಟವರೇ ಒಮ್ಮೆಯೂ ಕರೆಯದ ಹೆಸರು ನಿಮಗೇಕೆ? ಹಿರಿಯರ ಮುಂದೆ ಗಂಡ ಹೆಂಡತಿಯ ಹೆಸರೆತ್ತುವ ಕಾಲವಲ್ಲ ಅದು. ನಾನಂತೂ ಅತ್ತೆಯವರ ಎದುರು ಅವರೊಡನೆ ನೇರವಾಗಿ ಮಾತೇ ಆಡುವಂತಿರಲಿಲ್ಲ. ಚಹಾ ಆರಿಹೋಗುತ್ತಿದ್ದರೆ ಬೆಕ್ಕಿನ ಕಡೆ ತಿರುಗಿ, "ಚಹಾ ಆರಾಕತ್ತದ ನೋಡು" ಎನ್ನಬೇಕು. ಬೆಕ್ಕಿಲ್ಲದಿದ್ದರೆ ಕಂಬ. ಅವರಿಗಾದರೆ ನಾನು "ಏ, ಇಲ್ಲೆ ಕೇಳು." ಆದರೆ ಲಾಯದ ಕಡೆಯಿಂದ ಮುಂಜಾನೆ ಸಂಜೆ ಏನು ಕೇಳುತ್ತಿತ್ತು? "ಚಂದ್ರಿ, ಬಾರವಾ. ಚಂದ್ರಿ, ಸರಿಯವಾ. ಚಂದ್ರೀ, ನಮ್ಮ ಶಾಣ್ಯಾಕಿ." ಅತ್ತೆಯವರು ಕೇಳಿ ನಗುತ್ತಿದ್ದರು. ನಾನು ಒಲೆಗೆ ಕಟ್ಟಿಗೆ ತುರುಕುತ್ತಿದ್ದೆ.

ತಿರುಗಾಟ ಮುಗಿಸಿ ಬಂದರೆಂದರೆ ಕೈಕಾಲು ತೊಳೆಯುವ ಮೊದಲು ಒಂದು ಕೆಲಸ. ಚಂದ್ರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳ ಒಂದೊಂದು ಕಾಲನ್ನೂ ಮೊಣಕಾಲಿನಿಂದ ಗೊರಸಿನವರೆಗೆ ಅಂಗೈಯಿಂದ ಸವರುವುದು. ಸವರಿ, ಆಮೇಲೆ ಅದೇ ಜಾಗಕ್ಕೆ ಮುಂಗೈ ಹಚ್ಚಿ ನೋಡುವುದು. ಎಲ್ಲಿಯಾದರೂ ಬಿಸಿ ಇದ್ದರೆ ಅಲ್ಲಿ ನರಕ್ಕೆ ಪೆಟ್ಟಾಗಿದೆಯೆಂದು ಅರ್ಥವಂತೆ. ಆ ಕೈ ಎಷ್ಟು ಮೆಲ್ಲಗೆ ಇಳಿಯುತ್ತಿತ್ತು ಅಂತೀರಿ! ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಪ್ರತಿ ಸಲವೂ ನೋಡಬಾರದೆಂದುಕೊಂಡು ಪ್ರತಿ ಸಲವೂ ನೋಡುತ್ತಿದ್ದೆ.

ಊಟಕ್ಕೆ ಕೂತಾಗಲೂ ಅದೇ ಪುರಾಣ. ಅತ್ತೆಯವರಿಗೆ ಹೇಳುವರು: "ಅವ್ವಾ, ಕುದುರಿ ಕುಂಟೋದು ಕಾಲು ನೋಡಿದ್ರ ತಿಳಿಯೂದಿಲ್ಲ, ತಲಿ ನೋಡಬೇಕು. ನೋಯೋ ಕಾಲು ನೆಲಕ್ಕ ಬಿತ್ತಂದ್ರ ತಲಿ ಮ್ಯಾಲ ಎತ್ತತದ. ಛಲೋ ಕಾಲು ಬಿದ್ದಾಗ ಕೆಳಗ ಹಾಕತದ." ಸವಾರನ ವಿಷಯಕ್ಕೂ ಒಂದು ಸೂತ್ರ: "ಕಿವಿ, ಭುಜ, ಸೊಂಟ, ಹಿಮ್ಮಡಿ, ನಾಲ್ಕೂ ಒಂದ ದಾರದಾಗ ಇಳಿಬೇಕು. ಸವಾರ ಸೊಟ್ಟ ಕೂತ್ರ ಕುದುರಿ ಸೊಟ್ಟ ನಡೀತದ." ಅತ್ತೆಯವರು "ಹೌದೇನೋ" ಎನ್ನುತ್ತ ಸಾರಿಗೆ ಅನ್ನ ಕಲಸುವರು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕಲಿತವಳು ನಾನು.

ಒಮ್ಮೆ ಬಾವಿಯಿಂದ ಕೊಡ ಹೊತ್ತು ಬರುವಾಗ ನನ್ನ ಪಾದ ಹೊರಳಿತು. ಕಣಕಾಲು ಬಾತು ಬದನೆಕಾಯಿಯಾಯಿತು. ನೋಡೋಣ, ಇವರ ಕಣ್ಣಿಗೆ ಬೀಳುತ್ತದೋ ಇಲ್ಲವೋ ಎಂದು ಅವರೆದುರೇ ತಾಟು ಹಿಡಿದು ಅಡ್ಡಾಡಿದೆ. ನಗಬೇಡಿ: ಅವರ ಸೂತ್ರದ ಪ್ರಕಾರವೇ ಅಡ್ಡಾಡಿದೆ. ನೋಯುವ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲೆ, ಛಲೋ ಕಾಲಿಗೆ ತಲೆ ಕೆಳಗೆ. ಚಂದ್ರಿಯಾದರೂ ಅಷ್ಟು ಚೊಕ್ಕವಾಗಿ ಕುಂಟುತ್ತಿದ್ದಳೋ ಇಲ್ಲವೋ. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ಇನ್ನೊಂದು ಹೆಜ್ಜೆ ಕುಂಟಿ ತೋರಿಸಿದೆ. "ಅವ್ವಾ, ಸಾರಿಗೆ ಉಪ್ಪು ಕಡಿಮಿ ಆಗೇದ" ಎಂದರು.

ಇಷ್ಟೆಲ್ಲ ಬೈದೆನೆಂದು ಅವರನ್ನು ಕೆಟ್ಟವರೆಂದುಕೊಳ್ಳಬೇಡಿ. ಖರೇ ಹೇಳಬೇಕೆಂದರೆ, ಕುದುರೆಯ ಮೇಲೆ ಅವರು ಕೂತದ್ದನ್ನು ನೋಡಲಿಕ್ಕೆ ನಾನು ಏನು ಬೇಕಾದರೂ ಬಿಟ್ಟು ಓಡಿ ಬರುತ್ತಿದ್ದೆ. ನೆಲದ ಮೇಲೆ ಬಡಕಲು ಮನುಷ್ಯ, ಸ್ವಲ್ಪ ಗೂನು, ಮಾತಿನಲ್ಲಿ ಮುಜುಗರ. ಜೀನಿನ ಮೇಲೆ ಏರಿದರೆ ಬೆನ್ನು ನೆಟ್ಟಗಾಗುತ್ತಿತ್ತು, ಮುಖಕ್ಕೆ ಕಳೆ ಬರುತ್ತಿತ್ತು. ಕೆಲಗೇರಿ ಹಾದಿಯ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಆ ಬೆನ್ನನ್ನೇ ನೋಡುತ್ತಿದ್ದೆ. ಅಷ್ಟು ಚೆಂದದ ಗಂಡ ಸಿಗಬೇಕೆಂದರೆ ಅವರ ಕೆಳಗೆ ಚಂದ್ರಿ ಇರಬೇಕು. ಅದೇ ನನ್ನ ಸಂಕಟ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಚಂದ್ರಿ ಕುಂಟತೊಡಗಿದಳು. ಮುಂದಿನ ಎಡಗಾಲು. ತಿರುಗಾಟಕ್ಕೆ ಹೋದವಳು ತಲೆ ಎತ್ತಿಹಾಕುತ್ತ ಮನೆಗೆ ಬಂದಳು. ಲಾಳ ಬಿಚ್ಚಿಸಿ ನೋಡಿದರು, ಗೊರಸು ಕೆತ್ತಿಸಿದರು, ಅರಿಸಿನ ಕಾಯಿಸಿ ಕಟ್ಟಿದರು. ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತಿದ್ದಳು, ಮತ್ತೆ ತಿರುಗಾಟಕ್ಕೆ ಹೋದರೆ ಅದೇ ಕತೆ. ಕೊನೆಗೆ ದನದ ಡಾಕ್ಟರು ಬಂದು ತಟ್ಟಿ ತಡವಿ ಹೇಳಿದರು: "ಕೂತಾಗ ಛಲೋ ಇರ್ತದ, ದುಡಿದ್ರ ಕುಂಟತದ ಅಂದ್ರ ಕಾಲಿನ ಕಸುವು ಹೋತು ರಿ. ಸವಾರಿ ಭಾರ ಇನ್ನ ತಡಿಯೂದಿಲ್ಲ. ಯಾರರೆ ಟಾಂಗಾದವರಿಗೆ ಕೊಟ್ಟು ಬಿಡ್ರಿ, ಎಳಿಯೂದಾದ್ರ ಎಳೀಬಹುದು."

ಅಂದು ನಾನು ಗೋಧಿ ಹುಗ್ಗಿ ಮಾಡಿದೆ. "ಇವತ್ತೇನು ಹಬ್ಬ ಅದ ನಮ್ಮವ್ವಾ?" ಎಂದು ಅತ್ತೆಯವರು ಕೇಳಿದರು. "ಸುಮ್ಮನ ರಿ, ಬೆಲ್ಲ ಕರಗಾಕತ್ತಿತ್ತು" ಎಂದೆ. ಗಂಡ ಹುಗ್ಗಿ ಮುಟ್ಟಲಿಲ್ಲ. ನಾನು ಎರಡು ಸಲ ಬಡಿಸಿಕೊಂಡು ಉಂಡೆ. ಲಾಯದಲ್ಲಿ ಕಟ್ಟಿಗೆ ಒಟ್ಟಬಹುದು, ಒಂದು ಎಮ್ಮೆ ಕಟ್ಟಬಹುದು, ಗಡಿಗೆಯಲ್ಲಿ ಇನ್ನು ಹುರುಳಿ ಬೇಯುವುದಿಲ್ಲ ಎಂದು ಲೆಕ್ಕ ಹಾಕುತ್ತ ಉಂಡೆ.

ಸಂಜೆ ದೀಪ ಹಚ್ಚುವ ಹೊತ್ತು. ಗಡಿಗೆ ತರಲು ಲಾಯದ ಹಿಂದೆ ಹೋದಾಗ ಒಳಗೆ ಅವರ ದನಿ ಕೇಳಿತು. ಚಂದ್ರಿಯ ಕತ್ತಿಗೆ ಹಣೆ ಹಚ್ಚಿ ನಿಂತಿದ್ದರು. "ನಿನಗೊಬ್ಬಾಕಿಗೇ ನೋಯತದ ಅಂತ ತಿಳಿದಿ ಏನು? ಬೆಣ್ಣಿಹಳ್ಳದಾಗ ನೀ ಜಾರಿದ ದಿವಸದಿಂದ ನನ್ನ ಬಲಸೊಂಟಾನೂ ಹಿಡಕೊಂಡದ. ಯಾರ ಮುಂದ ಹೇಳಲಿ? ಅವ್ವ ಕೇಳಿದ್ರ ನಾಳಿಂದ ತಿರುಗಾಟ ಬಂದ್ ಮಾಡಸ್ತಾಳ. ನೀ ಹೋದ್ರ ನನ್ನ ಮಾತು ಕೇಳಾವ್ರು ಯಾರವಾ?"

ಕೈಯಲ್ಲಿದ್ದ ಗಡಿಗೆಯನ್ನು ಅವರ ತಲೆಯ ಮೇಲೆಯೇ ಒಡೆಯಬೇಕೆನ್ನಿಸಿತು. ಮಾತು ಕೇಳುವವರು ಯಾರಂತೆ! ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುತ್ತಿರುವ ಈ ಹೆಂಡತಿ ಇರುವುದು ಯಾತಕ್ಕೆ? ಕಾಲು ಸವರಿದ್ದನ್ನು ತಡೆದುಕೊಂಡೆ, ಹೆಸರು ಕರೆದದ್ದನ್ನೂ ತಡೆದುಕೊಂಡೆ. ಆದರೆ ನೋವನ್ನು ಅವಳ ಹತ್ತಿರ ಹೇಳಿಕೊಂಡು ನನ್ನಿಂದ ಮುಚ್ಚಿಟ್ಟದ್ದನ್ನು ತಡೆಯಲಾಗಲಿಲ್ಲ.

ಮುಚ್ಚಿಟ್ಟಿದ್ದೇನೆಂದು ಅವರು ತಿಳಿದಿದ್ದರು ಅಷ್ಟೇ. ಸೊಂಟ ನೋಯುತ್ತಿದೆಯೆಂದು ನನಗೆ ಆಗಲೇ ಗೊತ್ತಿತ್ತು. ಮತ್ಸರ ಇದ್ದಲ್ಲಿ ಕಣ್ಣು ಚುರುಕು, ಸ್ವಾಮಿ. ಅವರ ಎಡ ಚಪ್ಪಲಿಯ ಹಿಮ್ಮಡಿ ಸವೆದು ಓರೆಯಾಗಿತ್ತು, ಬಲ ಚಪ್ಪಲಿ ಹೊಸದರಂತೆ ಇತ್ತು. ಕೆಳಗೆ ಕೂಡುವಾಗ ಬಲಗಾಲು ಮಡಚಲು ತಡಮಾಡುತ್ತಿದ್ದರು. ಹಾದಿಯ ತಿರುವಿನಲ್ಲಿ ನಾನು ನೋಡುತ್ತಿದ್ದ ಆ ನೆಟ್ಟನೆಯ ಬೆನ್ನು ಮಳೆಗಾಲದಿಂದೀಚೆಗೆ ಎಡಕ್ಕೆ ವಾಲಿತ್ತು. ಆದರೆ ಆ ವಾಲಿದ ಬೆನ್ನಿಗೂ ಚಂದ್ರಿಯ ಎಡಗಾಲಿಗೂ ನಾನು ಗಂಟು ಹಾಕಿ ನೋಡಿರಲಿಲ್ಲ. ಅವರ ಬಾಯಿಂದ "ಬಲಸೊಂಟ" ಎಂಬ ಮಾತು ಬಿದ್ದಾಗ ಗಂಟು ತಾನಾಗಿಯೇ ಬಿತ್ತು. ಸೊಂಟದ ನೋವು ತಪ್ಪಿಸಲು ಇವರು ಎಡಕ್ಕೆ ಕೂಡುತ್ತಾರೆ, ಇವರ ಭಾರವೆಲ್ಲ ಅವಳ ಎಡಗಾಲಿಗೆ ಬೀಳುತ್ತದೆ. ಗೋಡೆಯ ಮೇಲೆ ಒಣಗಲು ಹಾಕಿದ್ದ ಜೀನಿನ ಕೆಳಗಿನ ಕಂಬಳಿಯನ್ನು ಹೋಗಿ ಮುಟ್ಟಿ ನೋಡಿದೆ. ಎಡಗಡೆ ಉಣ್ಣೆ ಒತ್ತಿ ಒತ್ತಿ ಚಪ್ಪಟೆಯಾಗಿತ್ತು, ಬಲಗಡೆ ಮೆತ್ತಗೆ ಉಬ್ಬಿಕೊಂಡೇ ಇತ್ತು.

ಸವಾರ ಸೊಟ್ಟ ಕೂತರೆ ಕುದುರೆ ಸೊಟ್ಟ ನಡೆಯುತ್ತದೆ. ಸೂತ್ರ ಅವರದೇ. ಆದರೆ ಜೀನಿನ ಮೇಲೆ ಕೂತವನಿಗೆ ತನ್ನ ಬೆನ್ನು ಕಾಣುವುದಿಲ್ಲವಲ್ಲ! ಕುದುರೆ ನೋಡಿಕೊಳ್ಳುತ್ತಿದ್ದ ಮೌಲಾಸಾಬ ಸಾಮಾನಿನ ಗಂಟು ಹೊತ್ತು ಮುಂದಾಗಿ ಹೋಗುತ್ತಿದ್ದ, ಅವನೂ ನೋಡಿರಲಿಲ್ಲ. ಮರುದಿನ ಮುಂಜಾನೆ ಅವನು ಚಂದ್ರಿಯ ಬರಿಬೆನ್ನ ಮೇಲೆ ಕೂತು ಮೈ ತೊಳೆಸಲು ಕೆಲಗೇರಿ ಕೆರೆಗೆ ಹೊರಟ. ಮೌಲಾಸಾಬ ಅಂದರೆ ನಮ್ಮವರ ಎರಡರಷ್ಟು ಮನುಷ್ಯ. ಚಂದ್ರಿ ತಲೆ ಆಡಿಸದೆ, ಒಂದೇ ತಾಳದಲ್ಲಿ ನಡೆದು ಹೋದಳು. ಕಾಲಿನ ಕಸುವು ಹೋದ ಕುದುರೆ ಹಾಗೆ ನಡೆದೀತೇ?

ಈಗ ನನ್ನ ಪಜೀತಿ ನೋಡಿ. ಬಾಯಿ ಬಿಟ್ಟರೆ ಸವತಿ ಉಳಿಯುತ್ತಾಳೆ. ಬಾಯಿ ಮುಚ್ಚಿದರೆ ಹೋಗುತ್ತಾಳೆ. ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು. ಇಡೀ ದಿನ ಸುಮ್ಮನೆ ಕೂತೆ. ಕೂತಷ್ಟೂ ಹೊಟ್ಟೆಯಲ್ಲಿ ಇನ್ನೊಂದು ಉರಿ ಎದ್ದಿತು. ಚಂದ್ರಿ ಹೋದರೆ ಇವರು ನನ್ನ ಹತ್ತಿರ ಬಂದು ಮಾತಾಡುತ್ತಾರೇನು? ಇಲ್ಲ. ಹಗಲೆಲ್ಲ ಖಾಲಿ ಲಾಯ ನೋಡುತ್ತ ಕೂಡುತ್ತಾರೆ. ಇಲ್ಲದ ಎಮ್ಮೆಯ ಹಾಲು ಯಾವಾಗಲೂ ಗಟ್ಟಿ. ಚಂದ್ರಿ ಎದುರಿಗಿದ್ದರೆ ಲದ್ದಿ ಹಾಕುತ್ತಾಳೆ, ವಯಸ್ಸಾಗುತ್ತದೆ, ಹಲ್ಲು ಉದುರುತ್ತವೆ. ಹೋದಳೆಂದರೆ ಅವಳನ್ನು ಗೆಲ್ಲುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ದೊಡ್ಡ ಮನಸ್ಸು ಮಾಡಿದೆ ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ಇದು ಪೂರಾ ಹೊಟ್ಟೆಕಿಚ್ಚಿನ ಲೆಕ್ಕ.

ಚಂದ್ರಿಯನ್ನು ಕೊಳ್ಳಲು ಹುಬ್ಬಳ್ಳಿಯಿಂದ ಟಾಂಗಾದ ಒಬ್ಬ ಹಿರಿಯ ಬಂದ. ಕಟ್ಟೆಯ ಮೇಲೆ ಅತ್ತೆಯವರು, ಅಂಗಳದಲ್ಲಿ ಮೌಲಾಸಾಬ, ನಾನು ಬಾಗಿಲ ಹಿಂದೆ. "ಒಂದ ಸುತ್ತು ಹೊಡದು ತೋರಸ್ರಿ ಸಾಹೇಬ್ರ, ಎಷ್ಟರ ಮಟ್ಟಿಗೆ ಕುಂಟತದ ನೋಡೂಣು" ಎಂದ. ನಮ್ಮವರು ಏರಿದರು. ಏರುವಾಗ ತುಟಿ ಕಚ್ಚಿದ್ದು ನನಗೆ ಮಾತ್ರ ಕಂಡಿತು. ಒಂದು ಸುತ್ತು ಬರುವಷ್ಟರಲ್ಲಿ ಚಂದ್ರಿ ತಲೆ ಎತ್ತಿಹಾಕತೊಡಗಿದಳು. ಟಾಂಗಾದವನು ಅಯ್ಯೋ ಪಾಪ ಎಂದು ಬಾಯಿ ಚಪ್ಪರಿಸಿದ.

ಹಿರಿಯರಿದ್ದಾರೆ, ಪರಗಂಡಸು ಇದ್ದಾನೆ. ಅವರೊಡನೆ ಮಾತಾಡುವಂತಿಲ್ಲ, ಹೆಸರು ಹಿಡಿಯುವುದಂತೂ ದೂರವೇ ಉಳಿಯಿತು. ಅಂಗಳದಲ್ಲಿ ಬೆಕ್ಕೂ ಇರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿ ಬಂದು ನೇರ ಕುದುರೆಯ ಮುಂದೆ ನಿಂತೆ. ಲಗ್ನವಾದಾಗಿನಿಂದ ಅವಳೊಡನೆ ನಾನು ಆಡಿದ ಮೊದಲ ಮಾತು ಅದು.

"ಏ ಚಂದ್ರಿ," ಎಂದೆ, ಎಲ್ಲರಿಗೂ ಕೇಳುವಂತೆ. "ನಿನ್ನ ಕಾಲಿಗೆ ಏನೂ ಆಗಿಲ್ಲ ನೋಡವಾ. ನಿನ್ನ ಮ್ಯಾಲ ಕೂತವರ ಬಲಸೊಂಟ ಹಿಡಕೊಂಡದ. ಅದನ್ನ ಮುಚ್ಚಿಟ್ಟು ಎಡಕ್ಕ ವಾಲಿ ಕೂಡತಾರ. ಭಾರ ಎಲ್ಲಾ ನಿನ್ನ ಎಡಗಾಲಿಗೆ ಬೀಳಾಕತ್ತದ. ಖರೇ ಅಲ್ಲಂದ್ರ ಮೌಲಾಸಾಬಗ ಕೂಡ್ರಸಿ ನೋಡ್ರಿ ಅಂತ ಹೇಳು."

ಅತ್ತೆಯವರ ಕೈಯಲ್ಲಿದ್ದ ಜಪಮಾಲೆ ನಿಂತಿತು. ನಮ್ಮವರ ಮುಖ ಕೆಂಪಾಯಿತು. ಬೈಯುತ್ತಾರೆಂದು ನಾನು ಹಲ್ಲು ಕಚ್ಚಿ ನಿಂತೆ. ಆಮೇಲೆ ಮೆಲ್ಲಗೆ ಇಳಿದರು, ಬಲಗಾಲನ್ನು ಕೈಯಿಂದ ಎತ್ತಿ ಇಳಿಸಿದರು. ಲಗಾಮನ್ನು ಮೌಲಾಸಾಬನ ಕೈಗೆ ಕೊಟ್ಟರು. ಅವನು ಅದೇ ಜೀನಿನ ಮೇಲೆ ದೊಪ್ಪೆಂದು ಕೂತು ಅಂಗಳ ಸುತ್ತಿದ. ಒಂದು ಸುತ್ತು, ಇನ್ನೊಂದು ಸುತ್ತು. ಚಂದ್ರಿಯ ತಲೆ ಅಲ್ಲಾಡಲಿಲ್ಲ.

"ಏನೂ ಇಲ್ಲ್ರಿ ಸಾಹೇಬ್ರ! ಸರಳ ನಡ್ಯಾಕತ್ತೈತ್ರಿ!" ಎಂದು ಮೌಲಾಸಾಬ ಮೇಲಿನಿಂದಲೇ ಕೂಗಿದ.

ನಮ್ಮವರು ಚಂದ್ರಿಯ ಕುತ್ತಿಗೆ ಸವರುತ್ತ, ನನ್ನ ಕಡೆ ನೋಡದೆ, "ಚಂದ್ರಿ, ಆಕೀಗೆ ಯಾವಾಗಿಂದ ಗೊತ್ತಿತ್ತು ಕೇಳು" ಎಂದರು.

"ಸೊಂಟದ್ದು ಮೊದಲಿಂದ ಗೊತ್ತಿತ್ತು ಅಂತ ಹೇಳು" ಎಂದೆ.

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ ಕೇಳು."

"ನನಗ ಯಾರು ಹೇಳಿದ್ರು ಕೇಳು. ಹೇಳಿಕೊಳ್ಳೂದೆಲ್ಲ ನಿನ್ನ ಮುಂದ ಹೇಳ್ಕೊಂಡ್ರು."

ಟಾಂಗಾದ ಹಿರಿಯ ರುಮಾಲು ಸರಿಮಾಡಿಕೊಳ್ಳುತ್ತ, "ಇದು ಮನಿ ಮಾತು ಕಾಣತದ ರಿ, ನಾ ಬರ್ತೇನ್ರಿ" ಎಂದು ಹೊರಟೇಹೋದ. ಅತ್ತೆಯವರು ಎದ್ದು, "ಇಬ್ಬರೂ ಕುದುರಿನ್ನ ಬಿಟ್ಟು ಒಳಗ ಬರ್ರಿ ಇನ್ನ" ಎಂದರು. ಲಾಯದ ಮಾತಿಗೆ ಮೀಸಲಿಟ್ಟಿದ್ದ ನಗೆಯನ್ನು ಅಂದು ನನಗೂ ಕೊಟ್ಟರು.

ಮುಂದೆ ಎಲ್ಲ ಸುಸೂತ್ರವಾಯಿತೆಂದು ಹೇಳಲಾರೆ. ಸೊಂಟಕ್ಕೆ ಎಣ್ಣೆ ತಿಕ್ಕುವ ಅಧಿಕಾರವನ್ನು ಅತ್ತೆಯವರೇ ತೆಗೆದುಕೊಂಡರು, ನನ್ನ ಪಾಲಿಗೆ ಎಣ್ಣೆ ಕಾಯಿಸುವುದಷ್ಟೇ ಉಳಿಯಿತು. ಅದಕ್ಕೂ ಉರಿದುಕೊಂಡೆ. ಆದರೆ ನೋವು ಇಳಿದು ಮತ್ತೆ ಜೀನು ಏರಿದಾಗ ಅವರು ಮೊದಲು ಅಂಗಳದಲ್ಲಿ ಒಂದು ಸುತ್ತು ಬರುತ್ತಿದ್ದರು, ನಾನು ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ. "ಚಂದ್ರಿ, ಎಡಕ್ಕ ವಾಲ್ಯಾರ." "ಚಂದ್ರಿ, ಈಗ ಸರಿ ಆತು." ಅಷ್ಟಾದ ಮೇಲೆಯೇ ಅವರು ಹಾದಿ ಹಿಡಿಯುವುದು. ಚಂದ್ರಿಯ ಹೆಸರನ್ನು ನಾನೂ ದಿನಕ್ಕೆ ಹತ್ತು ಸಲ ಕರೆಯುವಂತಾಯಿತು. ಆಮೇಲೆ ಮೋಟಾರು ಬಂದವು, ಚಂದ್ರಿ ನಮ್ಮ ಹಿತ್ತಿಲಲ್ಲೇ ಮುದುಕಿಯಾಗಿ ತೀರಿಕೊಂಡಳು. ಅವರು ಬಹಳ ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಹೋದರೆ ಇಷ್ಟು ದಿನ ಉಪವಾಸ ಇರುತ್ತಾರೋ ಇಲ್ಲವೋ ಎಂದು ಎಣಿಸುತ್ತ ನಾನೂ ಉಣ್ಣಲಿಲ್ಲ.

ಕುಕ್ಕರು ಮತ್ತೊಮ್ಮೆ ಸೀಟಿ ಹೊಡೆಯಿತು. ಸೊಸೆ ಮಾಳಿಗೆಯ ಮೇಲೆ ಬಟ್ಟೆ ಹರವಲು ಹೋಗಿದ್ದಾಳೆ, ನಾನೇ ಒಲೆ ಆರಿಸಬೇಕು. ಗೋಡೆ ಹಿಡಿದು ಎದ್ದೆ. ಕೆಲವು ದಿನಗಳಿಂದ ನನ್ನ ಮೊಣಕಾಲೊಂದು ಮಾತು ಕೇಳುತ್ತಿಲ್ಲ; ಯಾರಿಗೂ ಹೇಳಿಲ್ಲ. ನಡುಮನೆಯ ಕುರ್ಚಿಯಲ್ಲಿ ನಮ್ಮವರು ಕೂತಿದ್ದರು. ಈಗ ಅವರ ಕಣ್ಣಿಗೆ ಪೊರೆ, ನೆನಪಿಗೂ ಪೊರೆ. ಮೊಮ್ಮಗನನ್ನು ತಮ್ಮನ ಹೆಸರು ಹಿಡಿದು ಕರೆಯುತ್ತಾರೆ, ತಮ್ಮನನ್ನು ಯಾರ ಹೆಸರಿನಿಂದಲೋ. ಕಿವಿ ಮಾತ್ರ ಚುರುಕು. ಅಡುಗೆಮನೆಗೆ ಹೋಗಿ ಬರುವ ನನ್ನ ಹೆಜ್ಜೆಯ ಸಪ್ಪಳಕ್ಕೆ ತಲೆ ವಾಲಿಸಿದರು.

"ಚಂದ್ರಿ," ಎಂದರು. "ಎಡಗಾಲು ನೋಯಾಕತ್ತದೇನವಾ?"

ಮೇಲಿನಿಂದ ಇಳಿದು ಬಂದ ಸೊಸೆಗೂ ಅದು ಕೇಳಿಸಿತು. "ಮಾವಾರ, ಅವರು ಅತ್ತಿಯಾರು ರಿ..." ಎನ್ನತೊಡಗಿದಳು. ನಾನು ಸುಮ್ಮನಿರೆಂದು ಕಣ್ಣು ಮಾಡಿದೆ. ನೋಯುತ್ತಿದ್ದುದು ಎಡಗಾಲೇ. ಇಷ್ಟು ದಿನ ಮನೆಯಲ್ಲಿ ಕಣ್ಣಿದ್ದವರು ಯಾರೂ ಗಮನಿಸಿರಲಿಲ್ಲ.

ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಜೀವಮಾನವಿಡೀ ಕಾದದ್ದು ಆ ಅಕ್ಕಿಯ ಮೇಲಿನ ಹೆಸರಿಗೆ, ಬಂದದ್ದು ಸವತಿಯ ಹೆಸರು. ಆದರೂ ಹೋಗಿ ಅವರ ಎದುರಿನ ಮಣೆಯ ಮೇಲೆ ಕಾಲು ಚಾಚಿ ಕೂತೆ. "ಹೂಂ ರಿ," ಎಂದೆ, "ಎಡಗಾಲ ನೋಯಾಕತ್ತದ."

ಅವರು ಬಾಗಿದರು. ಅಂಗೈ ಮೊಣಕಾಲಿನಿಂದ ಹೊರಟು ಮೆಲ್ಲಗೆ, ಬಹಳ ಮೆಲ್ಲಗೆ, ಹಿಮ್ಮಡಿಯವರೆಗೆ ಇಳಿಯಿತು. ಆಮೇಲೆ ಮುಂಗೈ ಹಚ್ಚಿದರು.

"ಬಿಸಿ ಅದ," ಎಂದರು. "ನಾಳೆ ತಿರುಗಾಟ ಬ್ಯಾಡ. ನೀ ಮನ್ಯಾಗ ಇರು. ನಾನೂ ಇರ್ತೇನಿ."

ಸೊಸೆ ನನ್ನ ಮಗನಿಗಾಗಿ ಹುರುಳಿಯ ಕಟ್ಟು ಬಸಿಯುತ್ತಿದ್ದಳು. ಬೆಂದ ಕಾಳನ್ನು ಏನು ಮಾಡಲಿ ಎಂದು ಅಲ್ಲಿಂದಲೇ ಕೇಳಿದಳು. ಒಂದು ಬಟ್ಟಲಿಗೆ ಹಾಕಿ ಇಲ್ಲಿ ತಾ, ನಾನು ತಿನ್ನುತ್ತೇನೆ ಎಂದೆ.